ನಾಲ್ಕನೆಯ ಮಹಡಿಯ ಉಷ್ಣಾಂಶ

೨೦೨೪ರ ಏಪ್ರಿಲ್ ೨೭, ಶನಿವಾರ. ಮತ್ತಿಕೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾಲ್ಕನೆಯ ಮಹಡಿಯ ಹದಿನೆಂಟು ಹುಡುಗಿಯರೂ ಎ.ಸಿ. ಬೇಕೆಂಬ ಅರ್ಜಿಗೆ ಸಹಿ ಹಾಕಿದ್ದರು. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು; ಸೆಕೆಯಲ್ಲಿ ಅವರಿಗೆ ಓದೂ ಸಾಗುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ.

ವಾರ್ಡನ್ ವೇಣುಗೋಪಾಲ ನಿವೃತ್ತ ಗಣಿತದ ಮೇಷ್ಟ್ರು. ಮಾರ್ಚ್ ಒಂದರಿಂದ ದಿನವೂ ಮಧ್ಯಾಹ್ನ ಮೂರಕ್ಕೆ ಥರ್ಮಾಮೀಟರು ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

“ಒಂದು ದಿನವೂ ಮೂವತ್ತು ದಾಟಿಲ್ಲ. ನಿಮಗೆ ಬೇಕಿರೋದು ಎ.ಸಿ. ಅಲ್ಲಮ್ಮ, ಓದುವ ಮನಸ್ಸು,” ಎಂದು ಅರ್ಜಿಯನ್ನು ಹಿಂದಕ್ಕೆ ಚಾಚಿದರು.

ಅರ್ಜಿ ತಂದಿದ್ದ ಸಂಹಿತಾ ಅದನ್ನು ಮುಟ್ಟಲಿಲ್ಲ. “ನಿಮ್ಮ ಥರ್ಮಾಮೀಟರು ನೆಲಮಹಡೀಲಿ, ನೀರಿನ ಫಿಲ್ಟರ್ ಪಕ್ಕ ತಣ್ಣಗಿದೆ ಸರ್. ಒಂದ್ಸಲ ನಮ್ ರೂಮಿಗೆ ಕರ್ಕೊಂಡ್ ಬನ್ನಿ. ಪಾಪ, ಅದೂ ಬೇಯ್ಲಿ.”

“ಸುಮ್ನಿರೇ, ಹಾಸ್ಟೆಲಿಂದಾನೇ ಓಡಿಸ್ತಾರೆ ಕಣೇ!” ಎಂದು ಗೆಳತಿ ತುಂಗಾ ಅವಳ ಜಡೆ ಎಳೆದಳು.

ಇಂಥ ಸರಳ ತಪ್ಪು ತಮ್ಮಿಂದ ಆಗಿರಬಹುದೇ? ವೇಣುಗೋಪಾಲರು ಥರ್ಮಾಮೀಟರನ್ನು ಗೋಡೆಯಿಂದ ತೆಗೆದು, ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ತಾರಸಿಯ ಕೆಳಗಿನ ಆ ಕೋಣೆಯಲ್ಲಿ ಅರ್ಧ ಗಂಟೆ ಅಲುಗದೆ ಕುಳಿತರು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತು. ಪಾದರಸ ಮೂವತ್ತೊಂಬತ್ತಕ್ಕೆ ನಿಂತಿತು.

ಕೆಳಗಿಳಿದವರೇ ಪುಸ್ತಕದ ಅಷ್ಟೂ ಪುಟಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅರ್ಜಿಯ ಮೇಲೆ ‘ತುರ್ತು’ ಎಂದು ಬರೆದು ಸಹಿ ಮಾಡಿದರು.

“ಆಡಳಿತ ಮಂಡಳಿ ಒಪ್ಪದಿದ್ರೆ ಅವರನ್ನೂ ಮೇಲೆ ಕೂರಿಸ್ತೀನಿ. ಎ.ಸಿ. ಬಂದೇ ಬರುತ್ತೆ,” ಎಂದರು. ಪೆನ್ನಿನ ಮುಚ್ಚಳ ಹಾಕಿ, ತಲೆ ಎತ್ತದೆ ಸೇರಿಸಿದರು: “ನಿಮ್ಮ ಐವತ್ತೆಂಟು ದಿನದ ನಿದ್ದೆ ಮಾತ್ರ ನನ್ನ ಮೇಲಿನ ಬಾಕಿ. ಅದನ್ನ ತೀರಿಸೋ ದಾರಿ ನನಗೆ ಗೊತ್ತಿಲ್ಲಮ್ಮ.”