ಉಂಗುರದ ಕುಳಿಯಲ್ಲಿ ಪರಾಗ

೨೦೦೯ ಫೆಬ್ರುವರಿ ೧೭, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ — ಗೋಡೆಯ ಗಡಿಯಾರದ ಕೆಂಪು ಅಂಕಿಗಳು ಮಿಟುಕಿದವು, ಟೊಮೆಟೊ ಹೂವಿಗೆ ಪರಾಗ ಮುಟ್ಟಿಸುವ ಹೊತ್ತು ಇದು ಎಂದುಕೊಂಡ ಪರಮೇಶಪ್ಪ, ತಣ್ಣನೆಯ ಹಲಗೆಯ ಮೇಲೆ ಅಂಗಾತ ಮಲಗಿದ್ದಾನೆ, ಹೊಟ್ಟೆಯ ಮೇಲೆ ಶಾಯಿಯ ಮೂರು ಗೆರೆ, ಒಳಗೆ ಲಿವರಿನಲ್ಲಿ ನಾಲ್ಕು ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆ, ಉಸಿರಾಡಿದಂತೆಲ್ಲ ಅದು ಎರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರುತ್ತದೆ, ಜಾರಿದರೆ ರೇಡಿಯೇಷನ್ ಕಿರಣ ಗಡ್ಡೆಯನ್ನು ಬಿಟ್ಟು ಕರುಳನ್ನು ಸುಡುತ್ತದೆ, ಅದಕ್ಕೇ ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬೇಕು, ಆಪರೇಷನ್ ಆಗದು ಎಂದ ಮೇಲೆ ಉಳಿದಿರುವುದು ಇದೊಂದೇ ದಾರಿ, ಎರಡು ಸಲ ಎಣಿಸುತ್ತ ಎಣಿಸುತ್ತ ತಪ್ಪಿದ್ದಾನೆ, ಮೊದಲು ಹದಿಮೂರು, ಆಮೇಲೆ ಹದಿನಾಲ್ಕು. ಕಾಕಾ, ಇನ್ನೊಂದ್ಸಲ ನೋಡೂಣು, ಈಗೂ ಆಗ್ಲಿಲ್ಲಂದ್ರ ಡಾಕ್ಟ್ರು ಈ ಟ್ರೀಟ್‌ಮೆಂಟ್ ಬ್ಯಾಡ ಅಂದಾರು — ಮೈಕಿನಲ್ಲಿ ಸಿದ್ದೇಶ, ಮಷಿನ್ ನಡೆಸುವಾತ, ಹಾವೇರಿಯವನು, ಬೆಂಗಳೂರಿಗೆ ಬಂದು ಆರು ವರ್ಷವಾದರೂ ಮಾತು ಬದಲಾಗಿಲ್ಲ, ಆ ಮಾತು ಕಿವಿಗೆ ಬಿದ್ದದ್ದೇ ತಡ ಹಲಗೇರಿಯ ಬೀಜದ ಹೊಲ, ಎಪ್ಪತ್ತೊಂಬತ್ತನೇ ಇಸವಿ, ಬಿ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಬೀಜದ ಕಂಪನಿ ಸೇರಿದ ಹೊಸತು, ಸಾಲಿನಲ್ಲಿ ಮಂಡಿಯೂರಿದ್ದಾನೆ, ಬೆರಳಲ್ಲಿ ಉಂಗುರ, ಉಂಗುರದ ಕುಳಿಯಲ್ಲಿ ಚಿಟಿಕೆಯಷ್ಟು ಪರಾಗ, ಗಂಡುಭಾಗ ಕಿತ್ತ ಹೂವಿನ ತುದಿಯನ್ನು ಅದರಲ್ಲಿ ಅದ್ದಬೇಕು, ಅಷ್ಟೇ ಕೆಲಸ, ಅದ್ದುವಷ್ಟರಲ್ಲಿ ತನ್ನ ಉಸಿರಿಗೇ ತಿಳಿಹಳದಿ ಪುಡಿ ಹಾರಿಹೋಯಿತು, ಸಾಲಿನ ಹೆಂಗಸರೆಲ್ಲ ನಕ್ಕರು, ಅವರಲ್ಲಿ ಹಿರಿಯಳಾದ ಚೌಡವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿ, ಯಾಕ್ರಿ ಸಾಹೇಬ್ರ, ಕಾಲೇಜಿನಾಗ ಊದೂದು ಕಲಿಸ್ಯಾರೇನು, ಹೂವಿನ ಮುಂದ ಉಸುರು ಹಿಡೀಬೇಕ್ರಿ, ಬರದಿದ್ರ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಚೀಲದ ಮುಂದ ನಿಂದರ್ರಿ, ತಾನ ಬರತೈತಿ. ಅವನು ಉಸಿರು ಹಿಡಿದು ಒಂದು, ಎರಡು, ಮೂರು, ತುಟಿ ಅಲುಗಿತೋ ಏನೋ, ಪುಡಿ ಮತ್ತೆ ಹಾರಿತು. ಎಣಿಸಬ್ಯಾಡ್ರಿ, ಎಣಿಸಿದ್ರ ಉಸುರಿಗೆ ಗೊತ್ತಾಗತೈತಿ, ಹೂವಷ್ಟ ನೋಡ್ರಿ — ಎಂದವಳು ತಾನು ಮುಟ್ಟಿದ ಹೂವಿನ ಬುಡದ ಎರಡು ಹಸಿರು ಎಸಳುಗಳನ್ನು ಗುರುತಿಗೆಂದು ಚಿವುಟಿದಳು, ಅವಳ ಉಗುರಿನಲ್ಲಿ ಟೊಮೆಟೊ ಗಿಡದ ಕಡುವಾಸನೆ, ಇಲ್ಲಿ ಸ್ಪಿರಿಟ್ಟಿನ ವಾಸನೆ, ಗುರುತು ತನಗೂ ಹಾಕಿದ್ದಾರೆ, ಆ ಹೊಲದಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ, ಚೌಡವ್ವ ಐರಣಿಯ ಮಗಳ ಮನೆ ಸೇರಿದಳೆಂದು ಕೇಳಿದ್ದ, ರಾಣೆಬೆನ್ನೂರಿನಿಂದ ಬಸ್ಸಿಗೆ ಒಂದು ತಾಸಿನ ದಾರಿ, ಒಮ್ಮೆಯೂ ಹೋಗಲಿಲ್ಲ —

ಕಾಕಾ, ತಯಾರೇನ್ರಿ? ಉಸುರು ತೊಗೋರಿ, ಹಿಡೀರಿ — ಎದೆ ತುಂಬಿ ನಿಂತಿತು, ಒಂದು ಎನ್ನುವುದು ನಾಲಿಗೆಯ ತುದಿಗೆ ಬಂತು, ಅಲ್ಲೇ ಬಿಟ್ಟ, ಗಡಿಯಾರ ಕಾಣದಂತೆ ಕಣ್ಣು ಮುಚ್ಚಿದ, ಬಿಸಿಲು, ಚೌಡವ್ವನ ಬಳೆಯೂ ಸದ್ದು ಮಾಡುತ್ತಿಲ್ಲ, ಉಂಗುರ, ಉಂಗುರದ ಕುಳಿ, ಕುಳಿಯಲ್ಲಿ ತಿಳಿಹಳದಿ ಪುಡಿ, ಪುಡಿ, ಬಿಡ್ರಿ ಕಾಕಾ, ಸಾಕು, ಬಿಡ್ರಿ — ಪುಡಿ ಅಲುಗಲಿಲ್ಲ. ಇಪ್ಪತ್ತೆರಡು ಸೆಕೆಂಡು.