ಡ್ರಮ್ಮಿನ ದ್ರಾಕ್ಷಿ

"ಕಡ್ಡಿಗೆ ಎರಡೇ ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಬೇಕಂತೆ. ಹೋದ ವರ್ಷಾನೂ ಇದನ್ನೇ ಹೇಳಿದ್ಲು," ಎಂದಳು ಹೆಂಡತಿ, ಫೋನು ಕೆಳಗಿಡುತ್ತ.

"ಯಾರು ಹೇಳಿದ್ದು?" ಎಂದ ದರ್ಜಿ, ಏನೂ ಗೊತ್ತಿಲ್ಲದವನ ಹಾಗೆ.

"ಪಕ್ಕದ್ಮನೆ ಬೆಕ್ಕು! ನಿಮ್ಮ ಮಗಳು ಕಣ್ರೀ, ಇನ್ಯಾರು?"

ಮಹಡಿಯ ಮೇಲೆ ನೀಲಿ ಡ್ರಮ್ಮಿನಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟವಳು ಆ ಮಗಳೇ. ಮೂರು ವರ್ಷದ ಹಿಂದೆ ಅವಳು ಕತ್ತರಿಸಿದ ಅಂಗಿಯ ಒಂದು ತೋಳು ಗಿಡ್ಡವಾಯಿತೆಂದು ದರ್ಜಿ ಅಂಗಡಿ ತುಂಬ ಗಿರಾಕಿಗಳ ಎದುರು ಬಾಯಿಗೆ ಬಂದದ್ದು ಅಂದುಬಿಟ್ಟಿದ್ದ: "ಈ ಜನ್ಮದಲ್ಲಿ ನಿಂಗೆ ಕತ್ತರಿ ಹಿಡಿಯೋಕೆ ಬರಲ್ಲ." ಮಗಳು ಕತ್ತರಿ ಮೇಜಿನ ಮೇಲಿಟ್ಟು ಹೊರಟೇಹೋದಳು. ಈಗ ಬೇರೆ ಊರಿನ ನರ್ಸರಿಯಲ್ಲಿ ಅವಳಿಗೆ ಗಿಡ ನೋಡಿಕೊಳ್ಳುವ ಕೆಲಸ. ಅಪ್ಪ ಮಗಳ ನಡುವಿನ ಮಾತೆಲ್ಲ ಅಂದಿನಿಂದ ಅಮ್ಮನ ಬಾಯಿಂದಲೇ. ಒಂದು ಸಲ ಫೋನು ಮಾಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆದರೆ ಹಟ ಅಂದರೆ ಹಟ. ಒಳಗೊಳಗೆ ಜೀವ ಮಾತ್ರ ಅವಳಿಗಾಗಿ ಹಪಹಪಿಸುತ್ತಿತ್ತು.

ಬಳ್ಳಿಯ ಆರೈಕೆಯಲ್ಲಿ ಕೊರತೆಯಿರಲಿಲ್ಲ. ಚೂರುಬಟ್ಟೆಯ ಪಟ್ಟಿಗಳಿಂದ ಕಂಬಿಗೆ ಕಟ್ಟಿದ್ದ, ಆಗಾಗ ಟೇಪು ಹಿಡಿದು ಉದ್ದ ಅಳೆಯುತ್ತಿದ್ದ. ಹೋದ ವರ್ಷ ಕತ್ತರಿಸುವಾಗ ಮಾತ್ರ ಕಸುಬಿನ ಬುದ್ಧಿ ಅಡ್ಡ ಬಂದಿತ್ತು. ಮುಂದೆ ಸಡಿಲಿಸಬೇಕಾದೀತೆಂದು ಹೊಲಿಗೆಯೊಳಗೆ ಬಟ್ಟೆ ಬಿಟ್ಟೇ ಅಭ್ಯಾಸ. ಚಿಗುರೊಡೆಯುವ ಕಣ್ಣು ಎರಡು ಬಿಡು ಅಂದರೆ ಹತ್ತು ಬಿಟ್ಟಿದ್ದ. ಆಮೇಲೆ ಎಲೆಯೋ ಎಲೆ! ಅಷ್ಟನ್ನೂ ಸಲಹುವಷ್ಟರಲ್ಲಿ ಡ್ರಮ್ಮಿನ ಮಣ್ಣು ಸೋತುಹೋಗಿ, ಹಣ್ಣು ಒಂದೂ ಬಿಡಲಿಲ್ಲ.

"ಈ ಸಲಾನೂ ಬಿಡದಿದ್ರೆ ಕಿತ್ತು ಬಿಸಾಕ್ತೀನಿ. ನೀರು ಹಿಡಿಯೋಕೆ ಡ್ರಮ್ ಬೇಕು ನಂಗೆ," ಎಂದಳು ಹೆಂಡತಿ.

ಮಗಳದ್ದು ಅಂತ ಮನೆಯಲ್ಲಿ ಉಳಿದಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ಮಹಡಿ ಹತ್ತಿದ. ಕಡ್ಡಿಗೆ ಎರಡೇ ಕಣ್ಣು, ಎಣಿಸಿ ಎಣಿಸಿ ಕತ್ತರಿಸಿದ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಗಳಿಂದೆಲ್ಲ ನೀರು ತೊಟ್ಟಿಕ್ಕತೊಡಗಿತು. ಬಟ್ಟೆ ಸುತ್ತಿ ಕಟ್ಟಿದ, ಅದೂ ಒದ್ದೆಯಾಯಿತು. ಅಯ್ಯೋ, ಕೊಂದೇಬಿಟ್ಟೆನಲ್ಲ! ಕೂಗಿ ಕರೆಯೋಣವೆಂದರೆ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು. ತಾನೇ ಮಗಳ ನಂಬರು ಒತ್ತಿದ.

"ನೀರು ಸುರೀತಿದೆ ಕಣೇ... ನಿಲ್ತಾನೇ ಇಲ್ಲ."



"ಅಪ್ಪಾ?" ಎಂದಳು ಮಗಳು. ಆಮೇಲೆ, "ಎಷ್ಟು ಕಣ್ಣು ಬಿಟ್ಟೆ?"

"ಎರಡೇ. ನೀನು ಹೇಳಿದ ಹಾಗೇ."

"ಮತ್ತೆ ಸರಿಯಾಗೇ ಇದೆಯಲ್ಲ. ಬೇರು ಎಚ್ಚರ ಆಗಿ ನೀರು ಮೇಲಕ್ಕೆ ತಳ್ತಿದೆ, ಅಷ್ಟೇ. ಸುರೀಲಿ ಬಿಡಪ್ಪ, ಕಟ್ಟಬೇಡ."

ಅವನು ಒಂದೊಂದೇ ಬಟ್ಟೆ ಬಿಚ್ಚಿದ. ಮೂರು ವರ್ಷದಿಂದ ಹೇಳಬೇಕೆಂದಿದ್ದ ಮಾತು ಬಿಟ್ಟು ಬೇರೆಯದನ್ನೇ ಕೇಳಿದ.

"ನಿಂಗೊಂದು ಅಂಗಿ ಹೊಲಿಯೋಕೆ... ಹಳೇ ಅಳತೇನೇ ಆಗುತ್ತಾ?"

"ಆಗಲ್ಲಪ್ಪ," ಎಂದಳು ಮಗಳು. "ಬಂದು ಹೊಸ ಅಳತೆ ಕೊಡ್ತೀನಿ."

ಇಬ್ಬರೂ ಫೋನು ಇಡಲಿಲ್ಲ. ಹನಿಯೊಂದು ಡ್ರಮ್ಮಿನ ಅಂಚಿಗೆ ಬಿತ್ತು. ಇನ್ನೊಂದು, ಅವನ ಕೊರಳಲ್ಲಿ ನೇತಾಡುತ್ತಿದ್ದ ಟೇಪಿನ ಮೇಲೆ.