ಆರು ಗಂಟೆ ಸುದ್ದಿಯ ಚುಕ್ಕಿಗಳು

ಪ್ರಿಂಟರ್ ಮಿಸುಕಲಿಲ್ಲ. ಪರದೆಯ ಮೇಲೆ ಮಾತ್ರ ಮತ್ತದೇ ಸಾಲು: ಪ್ರಿಂಟರ್ ಡ್ರೈವರ್ ಕೆಲಸ ಮಾಡಲಿಲ್ಲ, ಮುದ್ರಣ ರದ್ದು.

"ಅತ್ತಿಗೇ, ಬಂತಾ?" ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನಾದಿನಿ ಕೇಳಿದಳು.

"ಬರುತ್ತೆ ಕಣೇ. ನೀನು ಸ್ವಲ್ಪ ನೀರು ಕುಡಿ."

"ಇನ್ನೂ ಕುಡಿದ್ರೆ ಸುದ್ದಿ ಮಧ್ಯದಲ್ಲೇ ಎದ್ದು ಓಡ್ಬೇಕಾಗುತ್ತೆ."

ಆ ಬಾನುಲಿ ನಿಲಯದ ಕಂಪ್ಯೂಟರ್‌ಗಳೆಲ್ಲ ಅತ್ತಿಗೆಯ ಜವಾಬ್ದಾರಿ. ಹುಟ್ಟಿನಿಂದ ಕಣ್ಣು ಕಾಣದ ನಾದಿನಿ ಇವತ್ತು ಆರು ಗಂಟೆಯ ಸುದ್ದಿಯನ್ನು ಮೊದಲ ಬಾರಿಗೆ ನೇರಪ್ರಸಾರದಲ್ಲಿ ಓದಬೇಕು. ಇಯರ್‌ಫೋನಿನಲ್ಲಿ ಕೇಳಿಸಿದ್ದನ್ನು ಗಿಣಿಯಂತೆ ಒಪ್ಪಿಸಲು ಅವಳು ಒಪ್ಪಿರಲಿಲ್ಲ. ಬೆರಳಲ್ಲಿ ಓದಿದರೇ ಅವಳ ದನಿಗೆ ಜೀವ. ಅದಕ್ಕೆಂದೇ ಕಾಗದದ ಮೇಲೆ ಉಬ್ಬುಚುಕ್ಕಿ ಒತ್ತುವ ಬ್ರೈಲ್ ಪ್ರಿಂಟರನ್ನು ಮಧ್ಯಾಹ್ನ ಇಬ್ಬರೂ ಟ್ಯಾಕ್ಸಿಯಲ್ಲಿ, ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು, ಮನೆಯಿಂದ ತಂದಿದ್ದರು.

ಮನೆಯ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯಲ್ಲಿ ಅದು ಹೇಳಿದಂತೆ ಕೇಳುತ್ತಿತ್ತು. ಇಲ್ಲಿನ ಲಿನಕ್ಸಿಗೆ ಭದ್ರತಾ ನೀತಿಯ ಬಿಗಿ ಕಾವಲು. ಯಾವ ತಂತ್ರಾಂಶ ಯಾವ ಕಡತವನ್ನು ಮುಟ್ಟಬಹುದು ಎಂಬುದನ್ನೆಲ್ಲ ಆ ಕಾವಲೇ ತೀರ್ಮಾನಿಸುತ್ತಿತ್ತು.

ನಿಲಯದ ಮುಖ್ಯಸ್ಥರು ದುಡುದುಡು ಒಳಗೆ ಬಂದರು. ಅವರಿಗೆ ಎಲ್ಲರೂ ಇಟ್ಟಿದ್ದ ಹೆಸರು ಗಡಿಬಿಡಿ.

"ಏನಮ್ಮಾ, ನಿಮ್ಮ ಮರಕುಟುಕ ಪ್ರಿಂಟರ್ ಇನ್ನೂ ಕುಟ್ತಾ ಇಲ್ವಲ್ಲ? ಆ ಕಾವಲನ್ನ ಆಫ್ ಮಾಡಿ ಬಿಸಾಕಿ!"

"ಆಫ್ ಮಾಡಿದ ತಕ್ಷಣ ಮುಖ್ಯ ಕಚೇರಿಯವರ ಸರ್ವರ್ ನಮ್ಮನ್ನ ಹೊರಗೆ ಹಾಕುತ್ತೆ ಸಾರ್. ಸುದ್ದಿ ಬರೋದೇ ನಿಂತೋಗುತ್ತೆ. ಆಮೇಲೆ ಕುಟ್ಟೋಕೆ ಏನಿರುತ್ತೆ?"

ಗಡಿಬಿಡಿ ಗಡಿಯಾರ ನೋಡಿದರು. "ಇನ್ನು ಕಾಲು ಗಂಟೆ ಇದೆ. ಅಷ್ಟರಲ್ಲಿ ಹಾಳೆ ಬರ್ಲಿಲ್ಲ ಅಂದ್ರೆ ಹಳಬರೇ ಓದ್ತಾರೆ. ಈ ಪ್ರಯೋಗಾನೂ ಇಲ್ಲಿಗೆ ಮುಗೀತು."

ಕಾರಿಡಾರಿನಲ್ಲಿ ಹಳೆಯ ವಾರ್ತಾವಾಚಕರು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅತ್ತಿಗೆ ಡ್ರೈವರ್ ಕಡತದ ಅನುಮತಿಗಳನ್ನು ಮತ್ತೊಮ್ಮೆ ನೋಡಿದಳು. ಎಲ್ಲವೂ ಸರಿ. ಕೊನೆಗೆ ಕಂಪ್ಯೂಟರಿನ ಮುದ್ರಣ ಸೇವೆಯನ್ನು ಪಕ್ಕಕ್ಕಿಟ್ಟು, ಪ್ರಿಂಟರಿಗೆ ಅಪ್ಪಣೆ ಕೊಡುವ ತಂತ್ರಾಂಶವಾದ ಡ್ರೈವರನ್ನು ತಾನೇ ಓಡಿಸಿದಳು.

ಟಕ್! ಟಕಟಕ್!

ಒಂದು ಸಾಲು ಬಂದೇಬಿಟ್ಟಿತು. ನಾದಿನಿ ಓಡಿ ಬಂದು ಬೆರಳಾಡಿಸಿದಳು. "ಇದೇನಿದು, 'ಪರೀಕ್ಷೆ ಪರೀಕ್ಷೆ' ಅಂತಿದೆ?"

"ನಾನು ಓಡಿಸಿದ್ರೆ ಓಡುತ್ತೆ! ಮುದ್ರಣ ಸೇವೆ ಕರೆದ್ರೆ ಕಾವಲು ತಡೆಯುತ್ತೆ. ಅಂದ್ರೆ ಡ್ರೈವರ್ ಕೆಟ್ಟಿಲ್ಲ!"

"ಅದನ್ನ ಒಳಗೆ ಹೇಗೆ ಹಾಕಿದ್ರಿ?"

"ಪೆನ್‌ಡ್ರೈವಿಂದ ಮೊದಲು ನನ್ನ ಖಾತೆಗೆ ಇಳಿಸಿದೆ. ಅಲ್ಲಿಂದ ಡ್ರೈವರ್‌ಗಳ ಜಾಗಕ್ಕೆ ಸರಿಸ್..."

ಅತ್ತಿಗೆ ಥಟ್ಟನೆ ಪರದೆಯತ್ತ ತಿರುಗಿದಳು.

ಅವರ ಮನೆಯಲ್ಲಿ ಒಂದು ವಸ್ತುವಿಗೆ ಒಂದೇ ಜಾಗ. ಚಮಚವಾಗಲಿ ಕತ್ತರಿಯಾಗಲಿ, ನಾದಿನಿಯ ಕೈ ತಡವರಿಸಬಾರದು, ಒಂದೇ ಸಾಮಾನು ಎರಡು ಕಡೆ ಇರಬಾರದು. ಆ ಅಭ್ಯಾಸ ಅತ್ತಿಗೆಯ ಕೈಗೇ ಹತ್ತಿತ್ತು. ಕಂಪ್ಯೂಟರಿನಲ್ಲೂ ಅವಳು ಏನನ್ನೂ ನಕಲು ಮಾಡುತ್ತಿರಲಿಲ್ಲ, ಎತ್ತಿ ಇನ್ನೊಂದು ಕಡೆ ಇಡುತ್ತಿದ್ದಳು. ಇಲ್ಲಿ ಪ್ರತಿ ಕಡತಕ್ಕೂ ಅದು ಇಳಿದ ಜಾಗದ ಗುರುತು ಇರುತ್ತದೆ. ನಕಲಾದರೆ ಕಡತಕ್ಕೆ ಹೊಸ ಜಾಗದ ಗುರುತು ಬೀಳುತ್ತದೆ. ಸರಿಸಿದರೆ ಹಳೆಯ ಗುರುತೇ ಅಂಟಿಕೊಂಡು ಬರುತ್ತದೆ. ಕಾವಲು ನೋಡುವುದು ಜಾಗವನ್ನಲ್ಲ, ಆ ಗುರುತನ್ನು.

ಪರೀಕ್ಷಿಸಿದಳು. ಹೌದು. ಡ್ರೈವರ್‌ಗಳ ಸಾಲಿನಲ್ಲೇ ಕೂತಿದ್ದ ಆ ಕಡತದ ಮೇಲೆ ಇನ್ನೂ ಅವಳ ಖಾತೆಯ ಗುರುತು! ಅದಕ್ಕೇ ಅವಳು ಓಡಿಸಿದರೆ ಓಡಿತು, ಮುದ್ರಣ ಸೇವೆಗೆ ತಡೆ ಬಿತ್ತು.

"ಸಿಕ್ಕಿಬಿತ್ತು ಕಣೇ!"

ಜಾಗಕ್ಕೆ ತಕ್ಕ ಗುರುತು ಹಚ್ಚಲು ಒಂದೇ ಸಾಲಿನ ಆಜ್ಞೆ ಸಾಕು. ಅವಸರಕ್ಕೆ ಎರಡು ಸಲ ತಪ್ಪು ಟೈಪಾಯಿತು. ಮೂರನೆಯದಕ್ಕೆ ಎಂಟರ್ ಕೀಲಿ ಕಿತ್ತುಬರುವಂತೆ ಒತ್ತಿ, ಸುದ್ದಿಯನ್ನು ಮುದ್ರಣಕ್ಕೆ ಕಳಿಸಿದಳು.

ಟಕಟಕಟಕಟಕ! ಮೇಜು ನಡುಗಿತು. ಲೋಟದ ನೀರು ಕುಣಿಯಿತು. ಕಾರಿಡಾರಿನಲ್ಲಿ ಗಂಟಲ ಸದ್ದು ನಿಂತುಹೋಯಿತು.

"ಹೊರಡಿ, ಹೊರಡಿ!" ಗಡಿಬಿಡಿ ಕೂಗಿದರು.

ಪ್ರಿಂಟರ್ ಮಾತ್ರ ತನ್ನದೇ ಗತಿಯಲ್ಲಿ ಸಾಗುತ್ತಿತ್ತು. ನಾದಿನಿ ಮೊದಲ ಹಾಳೆಗಳನ್ನಷ್ಟೇ ಹಿಡಿದು ಸ್ಟುಡಿಯೋಗೆ ಹೋದಳು. ನೇರಪ್ರಸಾರದ ಕೆಂಪು ದೀಪ ಹೊತ್ತಿತು. ಉಳಿದದ್ದನ್ನು ಅತ್ತಿಗೆ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು, ಒಂದೊಂದಾಗಿ ಒಯ್ದು ಮೇಜಿನ ಮೇಲಿಟ್ಟಳು. ಗಾಜಿನಾಚೆ ಗಡಿಬಿಡಿ ಉಗುರು ಕಡಿಯುತ್ತಿದ್ದರು. ನಾದಿನಿಯ ಬೆರಳು ಹರಿಯುತ್ತಿತ್ತು. ದನಿ ಎಲ್ಲೂ ಮುಗ್ಗರಿಸಲಿಲ್ಲ. ಕೊನೆಯ ಹಾಳೆ ಒಯ್ಯುವಾಗ ಅತ್ತಿಗೆಯ ಮೊಣಕಾಲು ಕುರ್ಚಿಗೆ ತಾಗಿತು. ನೋವನ್ನು ಹಾಗೇ ನುಂಗಿಕೊಂಡಳು.

ದೀಪ ಆರಿತು. ಗಡಿಬಿಡಿ ಬಾಗಿಲು ತಳ್ಳಿಕೊಂಡು ಬಂದರು. "ನಾಳೆ ಬೆಳಗಿನ ಸುದ್ದೀನೂ ನೀವೇ ಓದಿ. ಮರಕುಟುಕ ಇಲ್ಲೇ ಇರ್ಲಿ!"

ಅವರು ಹೋದ ಮೇಲೆ ನಾದಿನಿ ಅತ್ತಿಗೆಯ ತೋಳು ಹಿಡಿದಳು.

"ಅತ್ತಿಗೆ, ಕೊನೇ ಹಾಳೆ ತಲೆಕೆಳಗಾಗಿ ಇಟ್ಟಿದ್ರಿ."

"ಅಯ್ಯೋ! ಮತ್ತೆ ಹೇಗೆ ಓದಿದೆ?"

"ತಿರುಗಿಸ್ಕೊಂಡೆ. ಪಕ್ಕದಲ್ಲೇ ನಿಂತಿದ್ದ ನಿಮಗೇ ಗೊತ್ತಾಗ್ಲಿಲ್ವಾ? ಹಾಗಾದ್ರೆ ಊರಿಗೂ ಗೊತ್ತಾಗಿಲ್ಲ ಬಿಡಿ!"